ಪುಡಿ ಬದಲಾಯಿತು, ಶೆಡ್ ಬದಲಾಗಲಿಲ್ಲ

ನೆದರ್ಲೆಂಡ್ಸ್‌ನಲ್ಲಿ ಕೋಳಿ ಆಹಾರ ತಯಾರಿಸುವ ಕೆಲಸದಲ್ಲಿದ್ದೇನೆ. ಹೀಗಾಗಿ ಭಾರತದ ಕೋಳಿ ಸಾಕಣೆಯವರು, ಫೀಡ್ ಕಂಪನಿಗಳ ಪರಿಚಯಸ್ಥರು ಸಿಕ್ಕಾಗಲೆಲ್ಲ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ಬೆಳವಣಿಗೆಗೆಂದು ಹಾಕುವ ಆ್ಯಂಟಿಬಯೋಟಿಕ್ ತೆಗೆದರೆ ಅದರ ಜಾಗಕ್ಕೆ ಯಾವ ಗಿಡಮೂಲಿಕೆ ಹಾಕಬೇಕು? ಟನ್ನಿಗೆ ಎಷ್ಟು ಗ್ರಾಂ? ಯುರೋಪಿನವರು ಯಾವುದನ್ನು ಹಾಕಿ ಗೆದ್ದರು? ಒಂದು ಪುಡಿ ಚೀಲದಿಂದ ಹೊರಗೆ, ಇನ್ನೊಂದು ಪುಡಿ ಒಳಗೆ, ಉಳಿದದ್ದೆಲ್ಲ ಯಥಾಸ್ಥಿತಿ ಎಂಬ ನಂಬಿಕೆ ಈ ಪ್ರಶ್ನೆಗಳ ಬೆನ್ನಿಗಿದೆ. ಆ ನಂಬಿಕೆಯ ಬಗ್ಗೆಯೇ ನನ್ನ ತಕರಾರು. ಓಮದ ಎಣ್ಣೆಯ ಮೇಲೂ ಅರಿಸಿನದ ಮೇಲೂ ನನಗೆ ಯಾವ ಸಿಟ್ಟೂ ಇಲ್ಲ.

ಕಥೆ ಶುರುವಾದದ್ದು 1940ರ ದಶಕದ ಕೊನೆಯಲ್ಲಿ, ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ. ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಡ್ ಹುಡುಕುತ್ತಿದ್ದದ್ದು ಬಿ12 ಜೀವಸತ್ವವನ್ನು. ಆರಿಯೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ತಯಾರಿಸಿದ ಮೇಲೆ ಉಳಿಯುವ ಹುದುಗಿನ ಚರಟವನ್ನು ಮರಿಗಳಿಗೆ ತಿನ್ನಿಸಿದರು. ಬಿ12ರ ಲೆಕ್ಕಕ್ಕೆ ಸಿಗದಷ್ಟು ಅವು ಬೆಳೆದವು. ಚರಟದಲ್ಲಿ ಉಳಿದಿದ್ದ ಚೂರುಪಾರು ಔಷಧವೇ ಕಾರಣ ಎಂದು ಗೊತ್ತಾದದ್ದೇ ತಡ, ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ರೂಢಿಯಾಯಿತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಕೋಳಿಯ ಪಾಲಿನ ಆಹಾರ ತಿನ್ನುವುದು ತಪ್ಪುತ್ತದೆ ಎನ್ನುವವರಿದ್ದಾರೆ; ಕರುಳಿನ ಗೋಡೆಯ ಸಣ್ಣ ಉರಿಯೂತ ತಣಿದು ಆ ಶಕ್ತಿ ಮೈಗೆ ಸೇರುತ್ತದೆ ಎನ್ನುವವರೂ ಇದ್ದಾರೆ. ಆದರೆ ಎರಡು ಸಂಗತಿಗಳಲ್ಲಿ ಅನುಮಾನವಿಲ್ಲ. ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳೆಸಿದ ಮರಿಗಳಿಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಅವು ಹೆಚ್ಚು ಬೆಳೆಯುವುದಿಲ್ಲ. ಹಳೆಯ, ಕೊಳಕಾದ ಶೆಡ್ಡಿನಲ್ಲಿ ಸಿಗುವ ಲಾಭ ಹೊಸ, ಶುಚಿಯಾದ ಶೆಡ್ಡಿನಲ್ಲಿ ಸಿಗುವುದಿಲ್ಲ. ಅಂದರೆ ಆ ಪುಡಿ ಬಹುಮಟ್ಟಿಗೆ ಕೊಳಕಿನ ಖರ್ಚನ್ನು ತೀರಿಸುತ್ತಿತ್ತು. ಪರ್ಯಾಯದ ಕುರಿತ ನಮ್ಮ ಚರ್ಚೆ ಇಲ್ಲಿಂದ ಶುರುವಾಗಬೇಕಿತ್ತು. ಶುರುವಾದದ್ದು ಮಾತ್ರ ಓರೆಗಾನೊ ಎಂಬ ಪರಿಮಳದ ಸೊಪ್ಪಿನಿಂದ.

ಈ ರೂಢಿಯನ್ನು ಯುರೋಪಿನಲ್ಲಿ ಮೊದಲು ನಿಲ್ಲಿಸಿದ್ದು ಸ್ವೀಡನ್, 1986ರಲ್ಲಿ. ಅಲ್ಲಿ ನಿಷೇಧ ಬೇಕೆಂದು ಕೇಳಿದವರಲ್ಲಿ ರೈತರ ಸಂಘಟನೆಯೇ ಮುಂದಿತ್ತು. ಬ್ರಾಯ್ಲರ್ ಹಿಂಡುಗಳಲ್ಲಿ ಕರುಳನ್ನು ಕೊಳೆಸುವ ನೆಕ್ರೋಟಿಕ್ ಎಂಟರೈಟಿಸ್ ಕಾಟ ಕೊಟ್ಟಿತು; ಆಹಾರದ ಸಾಮಗ್ರಿ, ಲಿಟ್ಟರ್ (ನೆಲಕ್ಕೆ ಹಾಸುವ ಹೊಟ್ಟು), ಗಾಳಿಯ ವ್ಯವಸ್ಥೆ ಎಲ್ಲವನ್ನೂ ತಿದ್ದಿಕೊಂಡು ಅದನ್ನು ಹತೋಟಿಗೆ ತಂದರು. ಡೆನ್ಮಾರ್ಕ್ 1995ರಲ್ಲಿ ಇಂಥ ಆ್ಯಂಟಿಬಯೋಟಿಕ್‌ಗಳಲ್ಲೊಂದಾದ ಅವೊಪಾರ್ಸಿನ್ ನಿಷೇಧಿಸಿತು. 1998ರ ಆರಂಭದಲ್ಲಿ ಅಲ್ಲಿನ ಕೋಳಿ ಉದ್ಯಮ ಉಳಿದವನ್ನೂ ತಾನಾಗಿಯೇ ಕೈಬಿಟ್ಟಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಒಂದು ಕಿಲೋ ಕೋಳಿ ಬೆಳೆಸಲು ಹೆಚ್ಚಾಗಿ ಬೇಕಾದ ಆಹಾರ ಸುಮಾರು 16 ಗ್ರಾಂ. ಅಷ್ಟಕ್ಕಾಗಿ ಜಗತ್ತು ಅರ್ಧ ಶತಮಾನ ಜಗಳವಾಡಿತ್ತು! ಇಡೀ ಐರೋಪ್ಯ ಒಕ್ಕೂಟದಲ್ಲಿ ಬೆಳವಣಿಗೆಗೆಂದು ಆ್ಯಂಟಿಬಯೋಟಿಕ್ ಹಾಕುವುದು 2006ರ ಜನವರಿ 1ರಿಂದ ನಿಂತಿತು.

ಇಲ್ಲಿಯವರೆಗಿನ ಕಥೆಯನ್ನು ಫೀಡ್ ಸಮ್ಮೇಳನಗಳಲ್ಲಿ ಎಲ್ಲರೂ ಹೇಳುತ್ತಾರೆ. ನಾನಿರುವ ದೇಶದಲ್ಲಿ ಮುಂದೆ ಆದದ್ದನ್ನು ಹೇಳುವವರು ಕಡಿಮೆ. ನೆದರ್ಲೆಂಡ್ಸ್‌ನಲ್ಲಿ ಬೆಳವಣಿಗೆಯ ಪುಡಿ ಕಡಿಮೆಯಾದ ವರ್ಷಗಳಲ್ಲೇ ಚಿಕಿತ್ಸೆಯ ಹೆಸರಿನ ಆ್ಯಂಟಿಬಯೋಟಿಕ್ ಏರುತ್ತಾ ಹೋಯಿತು. ಒಂದು ಬಾಗಿಲಿನಿಂದ ಹೊರಹಾಕಿದ್ದು ಪಶುವೈದ್ಯರ ಚೀಟಿ ಹಿಡಿದು ಇನ್ನೊಂದು ಬಾಗಿಲಿನಿಂದ ಒಳಬಂತು. ನಿಷೇಧವೂ ಇತ್ತು, ಮಾರುಕಟ್ಟೆಯಲ್ಲಿ ಗಿಡಮೂಲಿಕೆಯ ಪುಡಿಗಳೂ ಇದ್ದವು, ಒಟ್ಟು ಬಳಕೆ ಮಾತ್ರ ಇಳಿಯಲಿಲ್ಲ. ಕೋಳಿಮಾಂಸದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಸಿಗತೊಡಗಿ ಜನ ಗಾಬರಿಯಾದ ಮೇಲೆ ಸರ್ಕಾರ 2009ನ್ನು ಆಧಾರ ವರ್ಷವಾಗಿಟ್ಟುಕೊಂಡು 2013ರೊಳಗೆ ಅರ್ಧಕ್ಕಿಳಿಸಬೇಕೆಂದು ಗುರಿ ಹಾಕಿತು. ಒಂದೊಂದು ಫಾರ್ಮ್ ಒಬ್ಬ ಪಶುವೈದ್ಯರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಪ್ರತಿ ಔಷಧವೂ ದಾಖಲಾಗಬೇಕಾಯಿತು. 2010ರಲ್ಲಿ ಹುಟ್ಟಿದ ಔಷಧ ಪ್ರಾಧಿಕಾರ ಆ ದಾಖಲೆಗಳನ್ನು ಹೋಲಿಸಿ ಯಾವ ಫಾರ್ಮ್ ಮಿತಿಯೊಳಗಿದೆ, ಯಾವುದು ಕೆಂಪು ಗೆರೆ ದಾಟಿದೆ ಎಂದು ಗುರುತಿಸತೊಡಗಿತು. ರೈತನ ಜೊತೆಗೆ ಚೀಟಿ ಬರೆದ ವೈದ್ಯರ ಲೆಕ್ಕವೂ ತೂಗುತ್ತದೆ. ಅಂದಿನಿಂದ ಪಶು ಸಾಕಣೆಗೆ ಮಾರಾಟವಾಗುವ ಆ್ಯಂಟಿಬಯೋಟಿಕ್ ಶೇ 70ಕ್ಕೂ ಹೆಚ್ಚು ಇಳಿದಿದೆ. ಇಳಿಸಿದ್ದರಲ್ಲಿ ದೊಡ್ಡ ಪಾಲು ಲೆಕ್ಕದ ಪುಸ್ತಕದ್ದು.

ಕೋಳಿಯ ಪಾದದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿ ಕಸಾಯಿಖಾನೆಗೆ ಬಂದ ಹಿಂಡಿನಿಂದ ಪಾದಗಳನ್ನು ಆರಿಸಿ ಅಂಗಾಲು ನೋಡುತ್ತಾರೆ. ನಯವಾಗಿದ್ದರೆ ಸೊನ್ನೆ ಅಂಕ. ಕಪ್ಪು ಮಚ್ಚೆ, ಹುಣ್ಣು ಇದ್ದಷ್ಟೂ ಅಂಕ ಏರುತ್ತದೆ. ಒಂದು ಚದರ ಮೀಟರಿನಲ್ಲಿ ಕಾನೂನು ಕೊಡುವ ಗರಿಷ್ಠ ಮಟ್ಟವಾದ 42 ಕಿಲೋವರೆಗೆ ಕೋಳಿ ತುಂಬಬೇಕೆಂದರೆ ಈ ಅಂಕ ಮಿತಿಯೊಳಗಿರಬೇಕು. ಮೀರಿದರೆ ಮುಂದೆ ಕಡಿಮೆ ಕೋಳಿ ಬಿಡಬೇಕಾಗುತ್ತದೆ. ಪಾದಕ್ಕೂ ಕರುಳಿಗೂ ಏನು ಸಂಬಂಧ? ಕರುಳು ಕೆಟ್ಟರೆ ಹಿಕ್ಕೆ ನೀರಾಗುತ್ತದೆ, ಲಿಟ್ಟರ್ ಒದ್ದೆಯಾಗಿ ಹೆಪ್ಪುಗಟ್ಟುತ್ತದೆ, ಅಮೋನಿಯಾ ಏಳುತ್ತದೆ, ಅದರ ಮೇಲೆ ನಿಂತ ಹಕ್ಕಿಯ ಅಂಗಾಲು ಬೇಯುತ್ತದೆ. ಲಿಟ್ಟರನ್ನು ಒಣದಾಗಿಟ್ಟವನ ಹಿಂಡಿನಲ್ಲಿ ಕಾಕ್ಸಿಡಿಯಾ ಎಂಬ ಪರೋಪಜೀವಿಯಿಂದ ಬರುವ ಕರುಳಿನ ರೋಗ ಕಾಕ್ಸಿಡಿಯೋಸಿಸ್ ಕಡಿಮೆ. ಕಾಕ್ಸಿಡಿಯಾ ಕರುಳಿನ ಗೋಡೆಯನ್ನು ಕೆರೆದಲ್ಲೇ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಬೇರೂರುವುದರಿಂದ ನೆಕ್ರೋಟಿಕ್ ಎಂಟರೈಟಿಸ್ ಕೂಡ ಕಡಿಮೆ. ಆ್ಯಂಟಿಬಯೋಟಿಕ್ ಪುಡಿ ಮುಚ್ಚಿಡುತ್ತಿದ್ದ ಸಂಗತಿಯನ್ನು ಪಾದ ತೆರೆದು ತೋರಿಸುತ್ತದೆ. ಶೆಡ್ಡಿನ ಬಾಗಿಲಲ್ಲಿ ಅಡ್ಡಲಾಗಿ ಒಂದು ಗಿಡ್ಡ ಕಟ್ಟೆ ಇರುತ್ತದೆ. ಹೊರಗಿನ ಬೂಟು ಆಚೆ ಬಿಟ್ಟು, ಕಾಲನ್ನು ಕಟ್ಟೆಯ ಮೇಲಿಂದ ತಿರುಗಿಸಿ, ಆ ಶೆಡ್ಡಿಗೇ ಮೀಸಲಾದ ಬೂಟು ಹಾಕಿಕೊಂಡು, ಕೈ ತೊಳೆದು ಒಳಗೆ ಹೋಗಬೇಕು. ಬಂದವನು ಮಾಲೀಕನಾದರೂ ಅಷ್ಟೇ, ಪಕ್ಕದ ಶೆಡ್ಡಿನಿಂದ ಬಂದ ಆಳಾದರೂ ಅಷ್ಟೇ.

ಇಷ್ಟೆಲ್ಲ ಆದ ಮೇಲೆ ಗಿಡಮೂಲಿಕೆಗೆ ಇಲ್ಲಿ ಉಳಿದಿರುವ ಕೆಲಸ ಚಿಕ್ಕದು, ಆದರೆ ನಿಜವಾದದ್ದು. ಓರೆಗಾನೊ ಎಣ್ಣೆಯ ಕಾರ್ವಕ್ರಾಲ್, ಥೈಮ್ ಮತ್ತು ಓಮದ ಥೈಮಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಲವಂಗದ ಯೂಜಿನಾಲ್ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಕಾರ್ವಕ್ರಾಲ್ ಮತ್ತು ಥೈಮಾಲ್ ಅವುಗಳ ಹೊರಪೊರೆಯನ್ನೇ ಸಡಿಲಿಸುತ್ತವೆ. ಆದರೆ ತಟ್ಟೆಯಲ್ಲಿ ಬೇಕಾಗುವ ಸಾಂದ್ರತೆ, ಟನ್ನಿಗೆ ನೂರಿನ್ನೂರು ಗ್ರಾಂ ಪುಡಿ ಬೆರೆಸಿದ ಆಹಾರದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಿಕ್ಕದ್ದರಲ್ಲೂ ಬಹುಪಾಲು ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಸೇರುತ್ತದೆ. ಬ್ಯಾಕ್ಟೀರಿಯಾಗಳ ದೊಡ್ಡ ಸಂತೆ ಇರುವುದು ಕೊನೆಯ ಭಾಗದಲ್ಲಿ. ಅದಕ್ಕಾಗಿ ಎಣ್ಣೆಯನ್ನು ಕೊಬ್ಬಿನ ಲೇಪದೊಳಗೆ ಕೂಡಿಸಿ ಸಣ್ಣ ಮಣಿಗಳನ್ನಾಗಿ ಮಾಡುತ್ತಾರೆ. ಇನ್ನು ಆಹಾರವನ್ನು ಪೆಲೆಟ್, ಅಂದರೆ ಒತ್ತಿದ ಗುಳಿಗೆ, ಮಾಡುವಾಗ ಹಿಟ್ಟಿಗೆ ಹಾಯಿಸುವ ಹಬೆಯಿಂದ ತಾಪ ಸುಮಾರು 80 ಡಿಗ್ರಿ ಮುಟ್ಟುತ್ತದೆ, ಲೇಪವಿಲ್ಲದ ಎಣ್ಣೆ ಆವಿಯಾಗುತ್ತದೆ. ಪೆಲೆಟ್ ಯಂತ್ರದ ಬಳಿ ಘಮಘಮ ವಾಸನೆ ಬಂದರೆ ಖುಷಿಪಡುವವರಿದ್ದಾರೆ. ಕೋಳಿಯ ಹೊಟ್ಟೆಗೆ ಹೋಗಬೇಕಾದದ್ದು ಗಾಳಿಗೆ ಹೋಗುತ್ತಿದೆ ಎಂಬುದೇ ಆ ವಾಸನೆಯ ಅರ್ಥ.

ಬೆಳ್ಳುಳ್ಳಿಯ ಆಲಿಸಿನ್ ಜಜ್ಜಿದಾಗ ಹುಟ್ಟಿ ಬೇಗ ಕೆಡುತ್ತದೆ. ಕರ್ಕ್ಯುಮಿನ್ ಅರಿಸಿನದಲ್ಲಿ ನೂರಕ್ಕೆ ಕೆಲವೇ ಪಾಲು, ರಕ್ತಕ್ಕೆ ಸೇರುವುದು ಅದಕ್ಕಿಂತ ಕಡಿಮೆ. ಗಿಡಗಳ ಒಗರಿನ ಅಂಶವಾದ ಟ್ಯಾನಿನ್ ಹೆಚ್ಚಾದರೆ ಪ್ರೋಟೀನನ್ನೇ ಕಟ್ಟಿಹಾಕಿ ಬೆಳವಣಿಗೆ ಕುಂಠಿತಗೊಳಿಸುತ್ತದೆ. ಮೆಣಸಿನಕಾಯಿಯ ಸಾರದ ಸಂಗತಿ ಮೋಜಿನದು: ಹಕ್ಕಿಗಳಿಗೆ ಖಾರವೇ ತಿಳಿಯುವುದಿಲ್ಲ, ಅವುಗಳ ನರದ ಗ್ರಾಹಕಕ್ಕೆ ಖಾರದ ಅಂಶವಾದ ಕ್ಯಾಪ್ಸೈಸಿನ್ ತಾಗದು. ಎಲ್ಲಕ್ಕಿಂತ ದೊಡ್ಡ ತೊಡಕು ಗಿಡ ಗಿಡವೇ ಆಗಿರುವುದು. ತಳಿ, ಮಣ್ಣು, ಕೊಯ್ಲಿನ ಕಾಲ ಬದಲಾದಂತೆ ಸಕ್ರಿಯ ಅಂಶದ ಪ್ರಮಾಣ ಬದಲಾಗುತ್ತದೆ. ಓಮದ ಎಣ್ಣೆಯಲ್ಲಿ ಥೈಮಾಲ್ ಒಂದು ಸಲ ಮೂರನೇ ಒಂದು ಭಾಗ, ಇನ್ನೊಂದು ಸಲ ಅರ್ಧಕ್ಕಿಂತ ಹೆಚ್ಚು ಇರಬಹುದು.

ಯುರೋಪನ್ನು ಹೊಗಳಿ ಮುಗಿಸುವ ಆಸೆ ನನಗಿಲ್ಲ. ಇಲ್ಲಿ ‘ಬೆಳವಣಿಗೆ ಹೆಚ್ಚಿಸುತ್ತದೆ’ ಎಂದು ಹೇಳಿಕೊಂಡು ಒಂದು ಪುಡಿಗೆ ಅನುಮತಿ ಪಡೆಯಬೇಕಾದರೆ ಕೋಳಿಗಳ ಮೇಲೆಯೇ ನಡೆಸಿದ ಪ್ರಯೋಗಗಳ ಪುರಾವೆ ಕೊಡಬೇಕು, ಅದೂ ಸಾಮಾನ್ಯವಾಗಿ ಮೂರು. ಅದು ದುಬಾರಿ. ಹಾಗಾಗಿ ಬಹುತೇಕ ಕಂಪನಿಗಳು ತಮ್ಮ ಸಸ್ಯಸಾರಗಳನ್ನು ಪರಿಮಳದ ಪದಾರ್ಥ ಎಂಬ ವರ್ಗದಲ್ಲಿ ನೋಂದಾಯಿಸುತ್ತವೆ. ಕಾಗದದ ಮೇಲೆ ಅದು ಆಹಾರಕ್ಕೆ ಸುವಾಸನೆ ಕೊಡುವ ವಸ್ತು. ಮಾರಾಟಗಾರನ ಬಾಯಲ್ಲಿ ಕರುಳಿನ ರಕ್ಷಕ. ಎಲ್ಲರಿಗೂ ಗೊತ್ತಿರುವ ನಾಟಕ ಇದು. ಕಾಕ್ಸಿಡಿಯೋಸಿಸ್ ತಡೆಗೆ ಹಾಕುವ ಮೊನೆನ್ಸಿನ್, ಸಲಿನೊಮೈಸಿನ್‌ನಂಥ, ಅಯೊನೊಫೋರ್ ಎಂಬ ಗುಂಪಿನ ಔಷಧಗಳು ಇಲ್ಲಿನ ಕೋಳಿ ಆಹಾರದಲ್ಲಿ ಇಂದಿಗೂ ಇವೆ. ಕಾನೂನು ಅವನ್ನು ಆಹಾರ ಸೇರ್ಪಡೆ ಎಂದು ಕರೆಯುತ್ತದೆ. ಅಮೆರಿಕದಲ್ಲಿ ಅವೇ ಆ್ಯಂಟಿಬಯೋಟಿಕ್‌ಗಳ ಪಟ್ಟಿಯಲ್ಲಿವೆ. ಅವು ಕ್ಲಾಸ್ಟ್ರಿಡಿಯಂ ಅನ್ನೂ ಹದ್ದುಬಸ್ತಿನಲ್ಲಿಡುತ್ತವೆ. ಡೆನ್ಮಾರ್ಕಿನ ಆ 16 ಗ್ರಾಂ ಲೆಕ್ಕದ ಹಿಂದೆಯೂ ಸಲಿನೊಮೈಸಿನ್ ಇತ್ತು. ‘ಯುರೋಪಿನಲ್ಲಿ ಓರೆಗಾನೊದಿಂದಲೇ ಸಾಧ್ಯವಾಯಿತು’ ಎಂದು ಹೇಳುವವರು ಈ ಭಾಗವನ್ನು ನುಂಗಿಕೊಂಡಿರುತ್ತಾರೆ.

ಇನ್ನು ಭಾರತದ ರೀತಿ. 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಉಳಿಯುವ ಕೊನೆಯ ಔಷಧಗಳಲ್ಲಿ ಅದೊಂದು. ಅದು ಒಳ್ಳೆಯ ತೀರ್ಮಾನವೇ. ಆದರೆ ಯಾವ ಶೆಡ್ಡಿನಲ್ಲಿ ಯಾವ ಔಷಧ ಎಷ್ಟು ಹೋಯಿತು ಎಂಬ ದಾಖಲೆ ಇಲ್ಲದ ಕಡೆ, ಒಂದರ ಬದಲು ಇನ್ನೊಂದು ಬಂದರೆ ತಿಳಿಯುವುದಾದರೂ ಹೇಗೆ? ಡಚ್ಚರು 2006ರ ಸುಮಾರಿಗೆ ನಿಂತಿದ್ದದ್ದು ಇಂಥದೇ ಜಾಗದಲ್ಲಿ. ನಮ್ಮಲ್ಲಿ ಇದಕ್ಕೆ ಗುತ್ತಿಗೆ ಸಾಕಣೆಯ ತೊಡಕೂ ಸೇರಿದೆ. ಮರಿ, ಫೀಡ್, ಔಷಧ ಕಂಪನಿಯದು. ಶೆಡ್, ದುಡಿಮೆ, ಕರೆಂಟು ರೈತನದು. ಕೊನೆಗೆ ತೂಕದ ಮೇಲೆ ಕೂಲಿ. ಚೀಲದೊಳಗೆ ಏನಿದೆ ಎಂದು ರೈತ ಕೇಳಿದರೆ ಸೂಪರ್‌ವೈಸರ್‌ಗೂ ಗೊತ್ತಿರುವುದಿಲ್ಲ. ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ತಿಂದ ಆಹಾರದ ಲೆಕ್ಕ) ಕೆಟ್ಟರೆ ಕೂಲಿ ಕಡಿತವಾಗುವುದು ಮಾತ್ರ ಇಬ್ಬರಿಗೂ ಗೊತ್ತು.

ಇಂಥ ವ್ಯವಸ್ಥೆಯೊಳಗೆ ‘ಹರ್ಬಲ್’ ಎಂಬ ಪದ ಸಲೀಸಾಗಿ ಓಡಾಡುತ್ತದೆ. ನನಗೆ ಕಳುಹಿಸಿಕೊಟ್ಟ ಒಂದು ಕರಪತ್ರದಲ್ಲಿ ಒಂದೇ ಪುಡಿ ಹಸಿವು ಹೆಚ್ಚಿಸುತ್ತದೆ, ಯಕೃತ್ತು ಕಾಪಾಡುತ್ತದೆ, ರೋಗನಿರೋಧಕ ಶಕ್ತಿ ಕೊಡುತ್ತದೆ, ಆ್ಯಂಟಿಬಯೋಟಿಕ್‌ನ ಸಂಪೂರ್ಣ ಬದಲಿ ಎಂದೆಲ್ಲ ಇತ್ತು. ಯಾವ ಗಿಡದ ಯಾವ ಭಾಗ, ಸಕ್ರಿಯ ಅಂಶ ಎಷ್ಟು, ಪೆಲೆಟ್ ಆದ ಮೇಲೆ ಉಳಿಯುವುದೆಷ್ಟು ಎಂಬ ಸಾಲು ಎಲ್ಲೂ ಇರಲಿಲ್ಲ. ಯುರೋಪಿನ ಕಂಪನಿ ಪರಿಮಳವೆಂದು ಸುಳ್ಳು ಹೇಳಿ ನುಣುಚಿಕೊಳ್ಳುತ್ತದೆ. ನಮ್ಮದು ಸರ್ವರೋಗಕ್ಕೂ ಮದ್ದು ಎಂದು ಹೇಳಿ ನುಣುಚಿಕೊಳ್ಳುತ್ತದೆ. ಎರಡರಲ್ಲಿ ಮೊದಲನೆಯದು ರೈತನಿಗೆ ಕಡಿಮೆ ಹಾನಿ ಮಾಡುತ್ತದೆ.

ಪಾರಂಪರಿಕ ಪಶುವೈದ್ಯದ ಹೆಸರನ್ನು ಇದಕ್ಕೆ ಎಳೆದು ತರುವುದು ಇನ್ನೂ ಬೇಸರದ ಸಂಗತಿ. ಹಸುವಿನ ಕೆಚ್ಚಲುಬಾವಿಗೆ ಲೋಳೆಸರ, ಅರಿಸಿನ, ಸುಣ್ಣ ಅರೆದು ಹಚ್ಚುವ ಪದ್ಧತಿಯನ್ನು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಾಲು ಉತ್ಪಾದಕರ ನಡುವೆ ಹಬ್ಬಿಸಿವೆ. ಅದು ಕಾಯಿಲೆ ಬಿದ್ದ ಒಂದು ಪ್ರಾಣಿಗೆ, ಕೆಲವು ದಿನ, ಕಣ್ಣೆದುರು ನೋಡುತ್ತ ಮಾಡುವ ಚಿಕಿತ್ಸೆ. ಕಾಯಿಲೆಯೇ ಇಲ್ಲದ ಸಾವಿರಾರು ಕೋಳಿಗಳಿಗೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಚಿಟಿಕೆ ಚಿಟಿಕೆ ತಿನ್ನಿಸುವುದು ಬೇರೆಯೇ ವ್ಯವಹಾರ. ಆ್ಯಂಟಿಬಯೋಟಿಕ್ ವಿಷಯದಲ್ಲಿ ನಾವು ಕಲಿತ ಕೆಟ್ಟ ಚಾಳಿಯೂ ಇದೇ ಆಗಿತ್ತಲ್ಲವೆ? ಚೀನಾ 2020ರಲ್ಲಿ ಬೆಳವಣಿಗೆಯ ಔಷಧಗಳನ್ನು ಆಹಾರದಿಂದ ಹೊರಹಾಕುವಾಗ ತನ್ನ ಸಾಂಪ್ರದಾಯಿಕ ಮೂಲಿಕೆಗಳಿಗೆ ವಿನಾಯಿತಿ ಕೊಟ್ಟಿತು. ನಮ್ಮಲ್ಲೂ ಅಂಥ ವಿನಾಯಿತಿ ಬೇಕೆಂದು ವಾದಿಸುವವರು ಮೊದಲು ಸಕ್ರಿಯ ಅಂಶದ ಅಳತೆಗೆ ಒಪ್ಪಿಕೊಳ್ಳಲಿ.

ಹಾಗಾದರೆ ನಮ್ಮವರು ಸಸ್ಯಸಾರ ಬಳಸಬಾರದೇ? ಖಂಡಿತ ಬಳಸಲಿ, ಪರೀಕ್ಷಿಸಿ ಬಳಸಲಿ. ಥೈಮಾಲ್ ತುಂಬಿದ ಓಮವನ್ನು ಬೆಳೆಯುವ ದೇಶ ನಮ್ಮದು. ಪಶುವೈದ್ಯಕೀಯ ಕಾಲೇಜುಗಳಿವೆ, ಸಾಲುಸಾಲು ಶೆಡ್‌ಗಳಿವೆ. ಒಂದೇ ಹ್ಯಾಚರಿಯ ಮರಿಗಳನ್ನು ಅಕ್ಕಪಕ್ಕದ ಎರಡು ಶೆಡ್‌ಗಳಿಗೆ ಬಿಟ್ಟು, ಒಂದಕ್ಕೆ ಪುಡಿ ಹಾಕಿ, ಇನ್ನೊಂದಕ್ಕೆ ಹಾಕದೆ, ಮುಂದಿನ ಬ್ಯಾಚಿಗೆ ಶೆಡ್‌ಗಳನ್ನು ಅದಲುಬದಲು ಮಾಡಿ ನೋಡುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ತೂಕ, ತಿಂದ ಆಹಾರ, ಸತ್ತ ಮರಿಗಳ ಜೊತೆಗೆ ಲಿಟ್ಟರಿನ ತೇವ ಮತ್ತು ಅಂಗಾಲಿನ ಅಂಕವನ್ನೂ ಬರೆದಿಡಬೇಕು. ಮಳೆಗಾಲದ ಬ್ಯಾಚ್ ಒಂದಾದರೂ ಅದರಲ್ಲಿರಬೇಕು, ಪಕ್ಕ ತೆರೆದ ಶೆಡ್‌ಗಳಲ್ಲಿ ಲಿಟ್ಟರ್ ಕೆಡುವುದು ಆಗಲೇ. ಕಂಪನಿಗಳು ಈ ಪ್ರಯೋಗವನ್ನು ರೈತನ ಖರ್ಚಿನಲ್ಲಿ ಮಾಡಬಾರದು. ಪುಡಿ ಕೈಕೊಟ್ಟು ತೂಕ ಇಳಿದರೆ ಆ ಬ್ಯಾಚಿನ ಕೂಲಿ ಕಡಿಯುವುದಿಲ್ಲ ಎಂದು ಗುತ್ತಿಗೆಯಲ್ಲೇ ಬರೆದುಕೊಡಬೇಕು.