ಗಿಣ್ಣು ನಮಗೆ, ಗಮ್ಮಿ ಮಗುವಿಗೆ

ಊರಿಂದ ಯಾರಾದರೂ ಗಿಣ್ಣು ಹಾಲು ತರುತ್ತಾರೆ ಅಂದರೆ ಬೆಲ್ಲ ಪುಡಿ ಮಾಡಿ, ಏಲಕ್ಕಿ ಕುಟ್ಟಿಟ್ಟು ಕಾಯುತ್ತೇವೆ. ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಪಕ್ಕದ ಮನೆಗೆ ವಾಸನೆ ಹೋಗುವ ಮೊದಲೇ ಖಾಲಿ ಮಾಡುತ್ತೇವೆ. ಅದೇ ಮನೆಯಲ್ಲಿ ಸೊಸೆಗೆ ಹೆರಿಗೆಯಾದರೆ, ಮೊದಲು ಬರುವ ಹಳದಿ ಹಾಲು 'ಕೆಟ್ಟ ಹಾಲು'. ಹಿಂಡಿ ಚೆಲ್ಲು, ಮಗುವಿಗೆ ಜೇನು ನೆಕ್ಕಿಸು! ಹಸುವಿನದು ಅಮೃತ, ಹೆತ್ತವಳದು ವಿಷ. ಈ ತೀರ್ಪು ಕೊಟ್ಟ ಕೋರ್ಟು ಯಾವುದೋ ಗೊತ್ತಿಲ್ಲ, ಮೇಲ್ಮನವಿಗೆ ಮಾತ್ರ ಅವಕಾಶವಿಲ್ಲ.

ಜೇನಿನಲ್ಲಿ ಸ್ನಾಯುಗಳ ಶಕ್ತಿ ಉಡುಗಿಸುವ ಬಾಟುಲಿಸಂ ಎಂಬ ಕಾಯಿಲೆಯ ರೋಗಾಣು ಅಡಗಿರಬಹುದು, ವರ್ಷ ತುಂಬುವ ತನಕ ಬೇಡ ಅಂತಾರೆ ಡಾಕ್ಟರು. ಡಾಕ್ಟರಿಗೇನು ಗೊತ್ತು, ಅವರು ಮಗುವಿನ ದೊಡ್ಡಮ್ಮನಾ?

ಪಾಪ, ಕರುವಿನ ಕಥೆ ಕೇಳಿ. ಹೊಟ್ಟೆಯಲ್ಲಿರುವಾಗ ಅದಕ್ಕೆ ತಾಯಿಯಿಂದ ಪ್ರತಿಕಾಯಗಳು, ಅಂದರೆ ರೋಗಾಣುವಿನ ಜತೆ ಹೋರಾಡುವ ಪ್ರೋಟೀನುಗಳು, ಸಿಗುವುದೇ ಇಲ್ಲ ಅನ್ನಬಹುದು. ಮೊದಲ ದಿನ ಕುಡಿದ ಗಿಣ್ಣೇ ಗತಿ. ಸುಮಾರು 24 ಗಂಟೆ ದಾಟಿದರೆ ಕರುಳು ಅವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನುಷ್ಯನ ಮಗು ಸ್ವಲ್ಪ ಅನುಕೂಲಸ್ಥ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಮ್ಮನ ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ಮಾಸು ದಾಟಿ ಬಂದಿರುತ್ತವೆ. ಆದರೆ ಅದು ಕೈಗಡ. ಆರು ತಿಂಗಳ ಹೊತ್ತಿಗೆ ಬಹುಪಾಲು ಖಾಲಿ, ಅಷ್ಟರಲ್ಲಿ ಮಗು ತನ್ನದೇ ದುಡಿಮೆ ಶುರುಮಾಡಿರಬೇಕು. ಅಲ್ಲಿಯವರೆಗೆ ಕರುಳನ್ನು ಕಾಯುವ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಹೇರಳವಾಗಿ ಇರುವುದು ಆ ಹಳದಿ ಹಾಲಿನಲ್ಲೇ. ಬರುವುದು ಕೆಲವೇ ಚಮಚ. 'ಇಷ್ಟೇನಾ?' ಎಂದು ಮೂಗು ಮುರಿಯುತ್ತೇವೆ. ಆಗ ತಾನೇ ಹುಟ್ಟಿದ ಮಗುವಿನ ಹೊಟ್ಟೆ ಇರೋದೂ ಅಷ್ಟೇ ಅಲ್ವಾ?

ಇರಲಿ, ಚೆಲ್ಲಿದ್ದನ್ನು ಮತ್ತೆ ಕೊಳ್ಳಲು ಮೆಡಿಕಲ್ ಶಾಪ್ ಇದೆಯಲ್ಲ. 2020ರ ಕೊರೋನಾ ಕಾಲದಲ್ಲಿ ಇಮ್ಯುನಿಟಿ ಸೇರದ ವಸ್ತುವೇ ಇರಲಿಲ್ಲ. ಐಸ್‌ಕ್ರೀಮಿಗೂ ಬಂತು. ಮಕ್ಕಳ ಪಾಲಿಗೆ ಬಂದದ್ದು ಕರಡಿ ಆಕಾರದ ಗಮ್ಮಿ, ಅಂದರೆ ಜಗಿಯುವ ಮಿಠಾಯಿ. ಡಬ್ಬದ ಮುಂದೆ ಗುರಾಣಿ ಹಿಡಿದ ಹುಡುಗ. ಹಿಂದೆ ತಿರುಗಿಸಿ, ಕನ್ನಡಕ ಏರಿಸಿ ಓದಿದರೆ ಮೊದಲ ಪದಾರ್ಥ ಸಕ್ಕರೆ. ಹಸುವಿನ ಗಿಣ್ಣನ್ನೇ ಒಣಗಿಸಿ ಕ್ಯಾಪ್ಸೂಲಿಗೆ ತುಂಬಿ ಮಾರುವವರೂ ಇದ್ದಾರೆ. ಕರುವಿಗೆ ಅಲ್ಲೂ ಪಾಲಿಲ್ಲ.

ಅಷ್ಟಕ್ಕೂ 'ಬೂಸ್ಟ್' ಮಾಡಿ ಏನು ಮಾಡುವುದು? ಧೂಳು, ಪರಾಗ, ಕಡಲೆಕಾಯಿ ಎಂದು ಕಂಡಕಂಡದ್ದರ ಮೇಲೆ ಜಗಳಕ್ಕೆ ಹೋಗುವ ರೋಗನಿರೋಧಕ ಶಕ್ತಿಗೇ ಅಲರ್ಜಿ ಅನ್ನುವುದು. ಯಾರನ್ನು ಸುಮ್ನೆ ಬಿಡಬೇಕು ಅನ್ನುವುದನ್ನೂ ಅದು ಎಳವೆಯಲ್ಲೇ ಕಲಿಯಬೇಕು. ಅಣ್ಣ, ಅಕ್ಕಂದಿರು ಜಾಸ್ತಿ ಇರುವ ಮಕ್ಕಳಲ್ಲಿ ಹೇ ಫೀವರ್ (ಪರಾಗದಿಂದ ಬರುವ ಸೀನು, ನೆಗಡಿಯ ಅಲರ್ಜಿ) ಕಡಿಮೆ ಎಂದು ಬ್ರಿಟನ್ನಿನ ಸಂಶೋಧಕ ಡೇವಿಡ್ ಸ್ಟ್ರಾಚನ್ 1989ರಲ್ಲೇ ಬರೆದರು. ಕಾರಣದ ಬಗ್ಗೆ ವಿಜ್ಞಾನಿಗಳ ಜಗ್ಗಾಟ ಈಗಲೂ ನಡೆದಿದೆ. ಆದರೆ ಹಸು, ಹುಲ್ಲಿನ ನಡುವೆ ಬೆಳೆದ ಮಕ್ಕಳಿಗೆ ಆಸ್ತಮಾ ಕಡಿಮೆ ಎಂಬುದು ಯುರೋಪಿನಲ್ಲಿ ಮತ್ತೆ ಮತ್ತೆ ಕಂಡಿದೆ.

ಬೆಂಗಳೂರು ಇದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದೆ. ಪಾರ್ಕಿನ ಮಣ್ಣು ಮುಟ್ಟಿದ ಮಗುವಿನ ಕೈಗೆ ಮೂರು ಸಲ ಸ್ಯಾನಿಟೈಸರ್. ಶನಿವಾರ ಫೀಸು ಕಟ್ಟಿ 'ಮಡ್ ಪ್ಲೇ' ಕ್ಲಾಸು. ಅಲ್ಲಿಯ ಮಣ್ಣು ಜರಡಿ ಹಿಡಿದದ್ದಂತೆ, ಭಯವಿಲ್ಲ.

ಲಸಿಕೆ ಮಾತ್ರ ಪುಕ್ಕಟೆ. ದೇಶದಲ್ಲಿ 1985ರಿಂದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಇದೆ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೋ, ಹೆಪಟೈಟಿಸ್ ಬಿ, ಆಮೇಲೆ 6, 10, 14ನೇ ವಾರಕ್ಕೆ ಐದು ರೋಗ ತಡೆಯುವ ಪೆಂಟಾವೇಲೆಂಟ್. ಎಲ್ಲ ತಾಯಿ ಕಾರ್ಡಿನಲ್ಲೇ ಬರೆದಿರುತ್ತದೆ. ಪುಕ್ಕಟೆ ಅಂದಮೇಲೆ ಅನುಮಾನ ಬರದೆ ಇರುತ್ತಾ? 'ಜ್ವರ ಬರುತ್ತಂತೆ' ಅಂತ ಮುಂದೂಡುತ್ತೇವೆ. ಬರಬಹುದು ಸ್ವಾಮಿ, ಒಂದೆರಡು ದಿನ, ದೇಹ ಕೆಲಸ ಮಾಡುತ್ತಿದೆ ಅಂತ ಅರ್ಥ. ಗಮ್ಮಿ ತಿಂದರೆ ಜ್ವರ ಬರಲ್ಲ, ನಿಜ. ಏನೂ ಬರಲ್ಲ.

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆಶಾ ಕಾರ್ಯಕರ್ತೆ ಅಕ್ಕ ನಿಂತಿದ್ದರು. ಯಾವ ಮನೆ, ಯಾರನ್ನು ನೋಡಬೇಕು, ಆಪ್‌ನಲ್ಲಿ ಎಂಟ್ರಿ ಇದೆಯಾ ಎಂದು ಸೆಕ್ಯೂರಿಟಿಯವರ ತನಿಖೆ ನಡೆದಿತ್ತು. 'ಮಗುವಿಗೆ ಲಸಿಕೆ ಬಾಕಿ ಇದೆಯಣ್ಣ' ಅಂದರು ಆಕೆ. ಹಿಂದಿನಿಂದ ಬಂದ ಡೆಲಿವರಿ ಹುಡುಗ ಇಮ್ಯುನಿಟಿ ಗಮ್ಮಿಯ ಪೊಟ್ಟಣ ಎತ್ತಿ ತೋರಿಸಿದ. ಗೇಟು ತೆರೆಯಿತು.