ಮರಳಿಸಲು ಎಲ್ಲರೂ, ಅಳಿಸಲು ಬೆಂಗಳೂರು

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಸರ್ಕಾರಿ ಕಚೇರಿಯೊಂದರ ಸರ್ವರ್ ಮತ್ತೆ ಮಲಗಿದ ಸುದ್ದಿಯನ್ನೂ ‘ತಾಂತ್ರಿಕ ದೋಷ’ವೆಂಬ ಪ್ರಕಟಣೆಯನ್ನೂ ನೀವೆಲ್ಲ ಓದಿದ್ದೀರಿ. ದೋಷ ಎನ್ನುವುದು ಯಂತ್ರಕ್ಕೆ ಮಾಡಿದ ಅವಮಾನ. ಡಿಸ್ಕ್ ತುಂಬಿದರೆ ವರ್ಚುವಲ್ ಮಷಿನ್ (ತಂತ್ರಾಂಶದೊಳಗೆ ನಡೆಯುವ ಕಂಪ್ಯೂಟರ್) ನಿಲ್ಲುತ್ತದೆ, ನಿಂತಿತು. ತುಂಬಿಸಿದ ಕೀರ್ತಿ ನಮ್ಮ ಆಡಳಿತದ್ದು, ತುಂಬಿದ್ದು ಸ್ನ್ಯಾಪ್‌ಶಾಟ್‌ಗಳಿಂದ. ಸ್ನ್ಯಾಪ್‌ಶಾಟ್ ಎಂದರೆ ಯಂತ್ರದ ಒಂದು ಗಳಿಗೆಯ ಸ್ಥಿತಿಯನ್ನು ಹಿಡಿದಿಡುವುದು; ಆ ಬಳಿಕ ಬರೆದದ್ದೆಲ್ಲ ಬೇರೊಂದು ಕಡತದಲ್ಲಿ ಬೆಳೆಯುತ್ತ ಹೋಗುತ್ತದೆ.

ಸ್ನ್ಯಾಪ್‌ಶಾಟ್ ತೆಗೆಯುವುದು, ಹೆಸರು ಬದಲಿಸುವುದು, ಅಳಿಸುವುದು, ಹಿಂದಿನ ಸ್ಥಿತಿಗೆ ಮರಳಿಸುವುದು ಎಂದು ಈ ತಂತ್ರಾಂಶದ ತಯಾರಕರಾದ ವಿಎಂವೇರ್‌ನವರು ನಾಲ್ಕು ಪರ್ಮಿಶನ್‌ಗಳನ್ನು ಬೇರೆ ಬೇರೆಯಾಗಿಟ್ಟು, ಯಾರಿಗೆ ಯಾವುದೆಂಬುದನ್ನು ನಮ್ಮ ವಿವೇಕಕ್ಕೆ ಬಿಟ್ಟಿದ್ದಾರೆ, ಪಾಪ. ನಮ್ಮ ಮಹನೀಯರು ‘ಅಳಿಸು’ ಎಂಬುದನ್ನು ಕಂಡೊಡನೆ ಬೆವೆತು, ಆ ಅಧಿಕಾರವನ್ನು ಬೆಂಗಳೂರಿನ ಒಬ್ಬ ಅಧಿಕಾರಿಯ ಬಳಿ ಭದ್ರವಾಗಿರಿಸಿ, ಮರಳಿಸುವ ಅಧಿಕಾರವನ್ನು ಊರಿಗೆಲ್ಲ ಹಂಚಿದರು. ಅಳಿಸಿದರೆ ಸ್ನ್ಯಾಪ್‌ಶಾಟಿನ ಬಳಿಕ ಬರೆದದ್ದೆಲ್ಲ ಮೂಲ ಡಿಸ್ಕಿನಲ್ಲಿ ಸೇರಿಕೊಳ್ಳುತ್ತದೆ, ಇಂದಿನ ದಾಖಲೆಯ ಒಂದಕ್ಷರವೂ ಹೋಗುವುದಿಲ್ಲ. ಮರಳಿಸಿದರೆ ಆ ಗಳಿಗೆಯಿಂದೀಚಿನ ಅರ್ಜಿ, ರಸೀದಿಗಳೆಲ್ಲ ಮಣ್ಣುಪಾಲು. ಕಸಬರಿಗೆಯನ್ನು ತಿಜೋರಿಯಲ್ಲಿಟ್ಟು, ಹಣವನ್ನು ಅಂಗಳದಲ್ಲಿ ಹರವಿದ ಹಾಗಾಯಿತು.

ಆ ಸ್ನ್ಯಾಪ್‌ಶಾಟ್‌ಗಳ ಹೆಸರುಗಳನ್ನಾದರೂ ನೋಡಬೇಕು: ‘ಅಪ್‌ಡೇಟ್‌ಗೆ ಮುಂಚೆ’, ‘ಫೈನಲ್’, ‘ಫೈನಲ್ ಹೊಸದು’, ‘ಸರ್ ಹೇಳಿದ್ದು’, ‘ಅಳಿಸಬ್ಯಾಡ್ರಿ’. ಸರ್ ವರ್ಗವಾಗಿ ಹೋದರೂ ಅವರು ಹೇಳಿದ್ದು ಡಿಸ್ಕಿನಲ್ಲಿ ಬೆಳೆಯುತ್ತಲೇ ಇದೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬಾರದು, ಸರಣಿಯಲ್ಲಿ 32ರವರೆಗೆ ಅವಕಾಶವಿದ್ದರೂ ಎರಡು-ಮೂರಕ್ಕೇ ನಿಲ್ಲಿಸಬೇಕು, ಇದನ್ನು ಬ್ಯಾಕಪ್ ಎಂದು ನಂಬಬಾರದು ಎಂದು ತಯಾರಕರೇ ಬರೆದಿಟ್ಟಿದ್ದಾರೆ. ಆದರೆ 72 ಗಂಟೆಯೊಳಗೆ ನಮ್ಮಲ್ಲಿ ಒಂದು ಪತ್ರಕ್ಕೆ ಆವಕ ಸಂಖ್ಯೆಯೂ ಬೀಳುವುದಿಲ್ಲ. ಅಳಿಸಲು ಅನುಮತಿ ಕೋರಿದ ಪತ್ರವು ಹುಬ್ಬಳ್ಳಿಯಿಂದ ಧಾರವಾಡಕ್ಕೆ ತನ್ನದೇ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಬೇಗನೆ ತಲುಪುತ್ತದೆ, ನಿಜ. ಬಸ್ಸಿನಿಂದ ಇಳಿದ ಮೇಲೆ ಅದಕ್ಕೆ ಪ್ರತ್ಯೇಕ ಪಥವಿಲ್ಲ.

ನಕ್ಕದ್ದು ಸಾಕು. ಕುಂದಗೋಳದ ಕಡೆಯಿಂದ ದಿನದ ಕೂಲಿ ಬಿಟ್ಟು ಬಂದ ಹೆಂಗಸಿಗೆ ‘ಸರ್ವರ್ ಇಲ್ಲಬೇ ಯಮ್ಮಾ, ನಾಳೆ ಬಾ’ ಎಂದು ಕಿಟಕಿ ಮುಚ್ಚುತ್ತಾರೆ, ನಾಳೆಯೂ ಅದೇ ಮಾತು. ಒಳಗೆ ಸ್ಕ್ರೀನಿನ ಮುಂದಿರುವ ಗುತ್ತಿಗೆ ಹುಡುಗನಿಗೆ ಡಿಸ್ಕ್ ತುಂಬುವುದು ದಿನಗಟ್ಟಲೆ ಮೊದಲೇ ಕಾಣುತ್ತದೆ, ಆದರೆ ಅವನ ಪಾಲಿಗೆ ‘ಅಳಿಸು’ ಗುಂಡಿ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೂ ಏನೂ ಆಗುವುದಿಲ್ಲ. ಅವನಿಗೆ ಆ ಒಂದು ಪರ್ಮಿಶನ್ ಕೊಟ್ಟು, ಮರಳಿಸುವುದನ್ನು ಮಿಕ್ಕವರಿಂದ ಹಿಂಪಡೆಯಲು ಟೆಂಡರ್ ಬೇಡ, ಸಮಿತಿ ಬೇಡ, ಅರ್ಧ ಗಂಟೆ ಸಾಕು. ಅದನ್ನು ಬಿಟ್ಟು ಹೊಸ ಡಿಸ್ಕ್ ಖರೀದಿಗೆ ಪ್ರಸ್ತಾವನೆ ಹೋಗಿದೆಯಂತೆ. ಅದು ಮಾತ್ರ ಬೇಗನೆ ಮಂಜೂರಾದೀತು.