ಮಲೆನಾಡಿನ ಮನೆಮನೆಗೂ ಸಿಪಿಆರ್ ತರಬೇತಿ ಬೇಕೇ?

ಪರ

ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗೆ 108 ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಎದೆಬಡಿತ ನಿಂತ ಮೇಲೆ ಮಿದುಳು ತಾಳುವುದು ನಾಲ್ಕಾರು ನಿಮಿಷ. ಎದೆ ಒತ್ತಿ, ಉಸಿರೂದಿ ಜೀವ ಹಿಡಿದಿಡುವ ಸಿಪಿಆರ್ ಬಲ್ಲವರು ಅಂಗಳದಲ್ಲೇ ಇರಬೇಕು.

ಕೆಲಸ ಕೆಡುವುದು ಮೊದಲ ನಿಮಿಷದಲ್ಲಿ. ಬಿದ್ದವರು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಉಸಿರೆಳೆದರೆ ‘ಉಸಿರಾಡ್ತಿದಾರೆ’ ಎಂದು ಕಾಯುತ್ತೇವೆ; ಬಾಯಿಗೆ ನೀರು ಬಿಡುವವರೂ ಇದ್ದಾರೆ. ಆ ಮೇಲುಸಿರು ಉಸಿರಾಟವಲ್ಲ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ, ಮಂಚದಿಂದ ನೆಲಕ್ಕಿಳಿಸಿ. ಹಾಸಿಗೆ ಮೇಲೆ ಒತ್ತಿದರೆ ಕುಸಿಯುವುದು ಹಾಸಿಗೆಯೇ. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಊರಿ, ಮೊಣಕೈ ಮಡಿಸದೆ, 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ. ಎದೆಯ ಮೇಲೆ ಭಾರ ಹೇರಿಕೊಂಡೇ ಇದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬಾರದು.

ತುಂಗೆಯಲ್ಲೋ ತೋಟದ ಕೆರೆಯಲ್ಲೋ ಮುಳುಗಿದವರಿಗೆ ಉಸಿರೇ ಮೊದಲು. ಹೊಟ್ಟೆ ಒತ್ತಿ ನೀರು ಕಕ್ಕಿಸುವ ಚಾಳಿ ಬಿಡಬೇಕು, ಕಕ್ಕಿದ್ದು ಶ್ವಾಸಕೋಶ ಸೇರುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಎದೆ ಏಳುವಷ್ಟು ಎರಡು ಸಲ ಊದಿ. ಆಮೇಲೆ 30 ಒತ್ತು, 2 ಊದು.

ವಿರೋಧ

ಒತ್ತುವ ಕ್ರಮದ ಬಗ್ಗೆ ತಕರಾರಿಲ್ಲ. ಮುಳುಗಿದವರ ಮಾತೂ ಬೇರೆ, ಅಲ್ಲಿ ಊದುವುದೇ ಔಷಧ. ‘ಮನೆಮನೆಗೂ’ ಎಂಬುದು ದುಡುಕು. ಹೃದಯಾಘಾತದಲ್ಲಿ ಲಯ ತಪ್ಪಿದ ಹೃದಯವನ್ನು ದಾರಿಗೆ ತರುವುದು ಡಿಫಿಬ್ರಿಲೇಟರ್ ಎಂಬ ಯಂತ್ರ ಕೊಡುವ ವಿದ್ಯುತ್ ಶಾಕ್. ಸಿಪಿಆರ್ ಅಲ್ಲಿವರೆಗೆ ಹೊತ್ತು ದೂಡುತ್ತದೆ ಅಷ್ಟೆ. ಘಟ್ಟದ ಮೇಲಿನ ಮನೆಗೆ ಅದನ್ನು ತರುವವರು ಯಾರು? ಒಬ್ಬರೇ ಒತ್ತಿದರೆ ಎರಡೇ ನಿಮಿಷಕ್ಕೆ ಕೈ ಸೋತು ಆಳ ತಗ್ಗುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಯಲ್ಲಿ ಎಪ್ಪತ್ತರ ಅಜ್ಜಿ ಯಾರ ಜೊತೆ ಕೈ ಬದಲಿಸಬೇಕು? ತರಬೇತಿಯ ಬೊಂಬೆಯ ಮೇಲೆ ಒಂದು ಮಧ್ಯಾಹ್ನ ಕಲಿತದ್ದು ಕೆಲವೇ ತಿಂಗಳಲ್ಲಿ ಕೈತಪ್ಪುತ್ತದೆ.

ಅದೇ ಮಧ್ಯಾಹ್ನವನ್ನು ಎದೆಬಡಿತ ನಿಲ್ಲದಂತೆ ನೋಡಿಕೊಳ್ಳುವುದಕ್ಕೆ ಕೊಡಿ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ಕರೆಂಟು ತಂತಿಗೆ ತಾಗಿದರೆ ಹಿಡಿದವರನ್ನು ಮುಟ್ಟಬಾರದು. ಹೊರಗಿನ ಲೈನ್ ಮನೆಯ ಮೇನ್ ಸ್ವಿಚ್ಚಿಗೆ ಬಗ್ಗುವುದಿಲ್ಲ, ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಹೇಳಿ ಕರೆಂಟು ತೆಗೆಸಬೇಕು. ಹಾವು ಕಚ್ಚಿದರೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು. ಅಡಿಕೆ ದಬ್ಬೆ ಕಟ್ಟಿ ಕಾಲು ಅಲುಗದಂತೆ ಮಾಡಿ, ನಡೆಸದೆ ಹೊತ್ತೊಯ್ಯಬೇಕು. ಎದೆ ಹಿಂಡಿ ಬೆವತವರನ್ನು ‘ಗ್ಯಾಸು’ ಎಂದು ಜೀರಿಗೆ ಕಷಾಯ ಕೊಟ್ಟು ಕೂರಿಸದೆ ಇಸಿಜಿ ಇರುವ ಆಸ್ಪತ್ರೆಗೆ ಹೊರಡಿಸಬೇಕು. ಸಿಪಿಆರ್ ಕಲಿಯಬೇಕಾದವರು ಲೈನ್‌ಮನ್‌ಗಳು, ಅಡಿಕೆ ಕೊನೆ ಇಳಿಸುವ ಕೊನೆಗಾರರ ತಂಡದವರು, ಜೀಪು-ಬಸ್ಸಿನ ಚಾಲಕರು; ಅವರ ಕೈಯಲ್ಲಿ ಆರು ತಿಂಗಳಿಗೊಮ್ಮೆ ಮತ್ತೆ ಬೊಂಬೆ ಒತ್ತಿಸಿ.